ಹೊರೆ ಹೊತ್ತ ದೋಣಿಗಳ ಪರವಾಗಿ

ಆಲಪ್ಪುಳದಲ್ಲಿ ಹೌಸ್‌ಬೋಟ್ ಹತ್ತಿದವರೆಲ್ಲ ಒಂದು ಮಾತನ್ನು ಕೇಳಿಯೇ ಕೇಳಿರುತ್ತಾರೆ. ಇದು ಪುರಾತನವಾದ ಕೆಟ್ಟುವಳ್ಳಂ; ಲಾರಿಗಳ ಕಾಲದಲ್ಲಿ ಅಳಿದುಹೋಗಬೇಕಿದ್ದ ಈ ಸರಕುದೋಣಿಯನ್ನು ಪ್ರವಾಸೋದ್ಯಮ ಬದುಕಿಸಿತು; ತಾವು ಕೊಡುವ ಬಾಡಿಗೆಯಿಂದ ಒಂದು ಪರಂಪರೆ ಉಳಿಯುತ್ತಿದೆ. ಬೆಂಗಳೂರಿನಿಂದಲೋ ಮುಂಬಯಿಯಿಂದಲೋ ಚೆನ್ನೈಯಿಂದಲೋ ಕುಟುಂಬಸಮೇತ ಹೋಗುವ ನಮಗೆ ಈ ಮಾತು ಹಿತವಾಗಿಯೇ ಇರುತ್ತದೆ. ರಜೆಯ ಸುಖದ ಜೊತೆಗೆ ಸಂರಕ್ಷಣೆಯ ಪುಣ್ಯವೂ ಸಿಕ್ಕಿದರೆ ಯಾರು ಬೇಡವೆನ್ನುತ್ತಾರೆ? ಆದರೆ ಆ ಮಾತಿನ ಬಹುಭಾಗ ಸುಳ್ಳು ಎಂಬುದು ನನ್ನ ವಾದ. ಉಳಿದಿರುವುದು ದೋಣಿಯ ಹೆಸರು ಮತ್ತು ಹೊರರೇಖೆ. ದೋಣಿ ಯಾವುದಕ್ಕಾಗಿ ಹುಟ್ಟಿತೋ ಆ ಕೆಲಸ, ಆ ಕೆಲಸ ರೂಪಿಸಿದ ಒಡಲು, ಅದು ಓಡಾಡಿದ ಕಾಲುವೆ ಇವು ಮೂರೂ ನಮ್ಮ ಕಣ್ಣೆದುರೇ ಕೈಬಿಟ್ಟುಹೋಗುತ್ತಿವೆ. ಅದನ್ನು ಸಂರಕ್ಷಣೆ ಎಂದು ಕರೆಯುವುದರಿಂದ, ನಿಜವಾದ ಸಂರಕ್ಷಣೆಯ ಅಗತ್ಯವೇ ಇಲ್ಲವೆಂಬ ಭಾವನೆ ಬೇರೂರಿದೆ.

ಮೊದಲು ಆ ದೋಣಿ ಏನೆಂದು ನೋಡೋಣ. ಮಲಯಾಳದ ‘ಕೆಟ್ಟು’ ನಮ್ಮ ‘ಕಟ್ಟು’ ಎಂಬುದರ ಒಡಹುಟ್ಟು. ‘ವಳ್ಳಂ’ ಎಂದರೆ ದೋಣಿ. ಕೆಟ್ಟುವಳ್ಳಂ ಎಂದರೆ ಕಟ್ಟಿದ ದೋಣಿ. ಇಲ್ಲಿ ಕಟ್ಟುವುದು ಎಂದರೆ ನಿರ್ಮಿಸುವುದು ಎಂದಷ್ಟೇ ಅಲ್ಲ, ಅಕ್ಷರಶಃ ಹಗ್ಗದಿಂದ ಬಿಗಿಯುವುದು. ಹಲಗೆಗಳು ಆಂಞಿಲಿ ಮರದವು. ನಮ್ಮ ಮಲೆನಾಡಿಗರು ಹೆಬ್ಬಲಸು ಎನ್ನುವ ಮರವೇ ಅದು. ನೀರಿಗೂ ಹುಳಕ್ಕೂ ಸುಲಭವಾಗಿ ಸೋಲದು. ಹಲಗೆಗಳ ಅಂಚಿನುದ್ದಕ್ಕೂ ಸಾಲಾಗಿ ತೂತು ಕೊರೆದು, ಎರಡು ಹಲಗೆಗಳ ಸಂದಿಯ ಮೇಲೆ ತೆಂಗಿನ ನಾರನ್ನು ಒತ್ತಿಟ್ಟು, ನಾರಿನ ಹಗ್ಗವನ್ನು ತೂತಿನಿಂದ ತೂತಿಗೆ ಎಳೆದು ಬಿಗಿಯುತ್ತಾರೆ. ಒಂದು ಕಬ್ಬಿಣದ ಮೊಳೆಯೂ ಬೇಕಾಗಿಲ್ಲ. ಆಮೇಲೆ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಬಳಿದು ಒಡಲನ್ನು ಕಪ್ಪಾಗಿಸುತ್ತಾರೆ. ಮೊಳೆ ಹೊಡೆದ ದೋಣಿ ಬಂಡೆಗೆ ತಾಗಿದರೆ ಒಡೆಯುತ್ತದೆ, ಹೊಲಿದ ದೋಣಿ ಬಾಗಿ ಉಳಿದುಕೊಳ್ಳುತ್ತದೆ ಎಂಬ ಅಭಿಪ್ರಾಯವನ್ನು 14ನೆಯ ಶತಮಾನದ ಪ್ರವಾಸಿ ಇಬ್ನ್ ಬತೂತ ಬರೆದಿಟ್ಟಿದ್ದಾನೆ. ಅವನಿಗಿಂತ ಮೊದಲು ಹೊರ್ಮುಜಿನಲ್ಲಿ ಹೊಲಿದ ಹಡಗುಗಳನ್ನು ಕಂಡ ಮಾರ್ಕೊ ಪೋಲೊ ಅವನ್ನು ಕಳಪೆ ಎಂದು ಜರೆದಿದ್ದ. ಒಬ್ಬನ ಮೆಚ್ಚುಗೆ, ಇನ್ನೊಬ್ಬನ ತಾತ್ಸಾರ ಏನೇ ಇರಲಿ, ಅರಬ್ಬಿ ಸಮುದ್ರದ ಸುತ್ತ ಶತಮಾನಗಳ ಕಾಲ ಸರಕು ಸಾಗಿಸಿದ್ದು ಈ ವಿದ್ಯೆಯೇ.

ಈ ವಿದ್ಯೆಯನ್ನು ಕೇರಳದ ಒಳನಾಡಿನ ನೀರು ತನ್ನ ಅಗತ್ಯಕ್ಕೆ ತಕ್ಕಂತೆ ಒಗ್ಗಿಸಿಕೊಂಡಿತು. ಹಿನ್ನೀರುಗಳನ್ನು ಒಂದಕ್ಕೊಂದು ಕಾಲುವೆಗಳಿಂದ ಜೋಡಿಸುವ ಕೆಲಸ ಸುಮಾರು ನೂರು ವರ್ಷ ನಡೆಯಿತು. ಆಲಪ್ಪುಳದ ಬಂದರು 18ನೆಯ ಶತಮಾನದಲ್ಲಿ ರೂಪುಗೊಂಡಾಗ ಊರಿನ ಒಳಗೇ ಕಾಲುವೆಗಳು ಬಂದವು. ಕೋಳಿಕ್ಕೋಡಿನಲ್ಲಿ ಮಲಬಾರಿನ ಕಲೆಕ್ಟರ್ ಕಾನಲಿ 1848ರಲ್ಲಿ ತೋಡಿಸಿದ ಕಾಲುವೆ ಇಂದಿಗೂ ಅವನ ಹೆಸರಿನಲ್ಲಿದೆ. ತಿರುವಾಂಕೂರಿನವರಂತೂ ವರ್ಕಲದ ಗುಡ್ಡ ಅಡ್ಡ ಬಂದಾಗ ಗುಡ್ಡವನ್ನೇ ಕೊರೆದು, 1880ರ ಹೊತ್ತಿಗೆ ಎರಡು ಸುರಂಗಗಳ ಮೂಲಕ ದೋಣಿಗಳಿಗೆ ದಾರಿ ಮಾಡಿಕೊಟ್ಟರು. ಇಷ್ಟೆಲ್ಲ ಶ್ರಮ ನಡೆದದ್ದು ವಿಹಾರಕ್ಕಾಗಿ ಅಲ್ಲ. ಕುಟ್ಟನಾಡಿನ ಭತ್ತ, ಕರಾವಳಿಯ ಕೊಬ್ಬರಿ ಮತ್ತು ನಾರು, ಬೆಟ್ಟದಿಂದಿಳಿದ ಮೆಣಸು ಇವೆಲ್ಲ ಕೊಚ್ಚಿ, ಆಲಪ್ಪುಳ, ಕೊಲ್ಲಂಗಳ ಪೇಟೆ ಸೇರಲು ಬೇರೆ ದಾರಿಯಿರಲಿಲ್ಲ. ದೊಡ್ಡ ಕೆಟ್ಟುವಳ್ಳಂ ಒಂದು 30 ಟನ್ನಿನವರೆಗೆ ಹೊರುತ್ತಿತ್ತು. ಬಿದಿರ ಗಳವನ್ನು ನೀರಿನ ತಳಕ್ಕೆ ಊರಿ, ಭುಜ ಕೊಟ್ಟು, ದೋಣಿಯ ಅಂಚಿನ ಮೇಲೆ ನಡೆಯುತ್ತಾ ಅದನ್ನು ಮುಂದಕ್ಕೆ ದೂಡುತ್ತಿದ್ದರು. ಗಾಳಿ ಅನುಕೂಲವಾಗಿದ್ದರೆ ಹಾಯಿ. ಆ ಜಲಮಾರ್ಗ ಎಷ್ಟರಮಟ್ಟಿಗೆ ನಿತ್ಯಜೀವನದ ಹೆದ್ದಾರಿಯಾಗಿತ್ತೆಂದರೆ, ಮಲಯಾಳದ ಮಹಾಕವಿ ಕುಮಾರನ್ ಆಶಾನ್ 1924ರ ಜನವರಿಯಲ್ಲಿ ತೀರಿಕೊಂಡದ್ದು ಕೂಡ ಅದೇ ದಾರಿಯಲ್ಲಿ, ಕೊಲ್ಲಂನಿಂದ ಆಲಪ್ಪುಳದತ್ತ ಹೊರಟಿದ್ದ ಪ್ರಯಾಣಿಕ ಬೋಟೊಂದು ಪಲ್ಲನದ ಬಳಿ ಮಗುಚಿದಾಗ.

ರಸ್ತೆ ಬಂತು, ಸೇತುವೆ ಬಂತು, ಲಾರಿ ಬಂತು. ದೋಣಿಗೆ ಸರಕು ಸಿಗದಾಯಿತು. 1990ರ ದಶಕದಲ್ಲಿ ಸರಕುದೋಣಿಗಳ ಮೇಲೆ ಕೋಣೆ ಕಟ್ಟಿ ಪ್ರವಾಸಿಗಳಿಗೆ ಬಾಡಿಗೆ ಕೊಡುವ ಉಪಾಯ ಹೊಳೆಯಿತು. ಕೆಲವೇ ವರ್ಷಗಳಲ್ಲಿ ಅದು ನೂರಾರು ದೋಣಿಗಳ ಉದ್ಯಮವಾಯಿತು. ಸರಕು ತುಂಬುತ್ತಿದ್ದ ಹೊಟ್ಟೆಯ ಮೇಲೆ ನೆಲ ಹಾಸಿದರು. ಅದರ ಮೇಲೆ ಮಲಗುವ ಕೋಣೆ, ಶೌಚಾಲಯ, ಅಡುಗೆಮನೆ, ಈಗೀಗ ಎರಡನೆಯ ಅಂತಸ್ತು, ಏರ್‌ಕಂಡೀಷನರ್, ಅದಕ್ಕೊಂದು ಜನರೇಟರ್. ಬಿದಿರ ಗಳದ ಜಾಗಕ್ಕೆ ಡೀಸೆಲ್ ಎಂಜಿನ್. ಕೆಲವು ಕಡೆ ಹೊಲಿದ ಒಡಲೂ ಹೋಗಿ ಉಕ್ಕಿನ ಒಡಲು ಬಂದಿದೆ. ಮೇಲೆ ಮಾತ್ರ ಬಿದಿರು, ಚಾಪೆಗಳ ಅದೇ ಕಮಾನು. ಹಾಗಿದ್ದೂ ಫಲಕದ ಮೇಲೆ ಕೆಟ್ಟುವಳ್ಳಂ ಎಂದೇ ಬರೆದಿರುತ್ತದೆ. ಕಟ್ಟೇ ಇಲ್ಲದ ದೋಣಿಯನ್ನು ಕಟ್ಟಿದ ದೋಣಿ ಎನ್ನುವುದನ್ನು ನಾವು ಏಕೆ ಸಹಿಸಬೇಕು? ಆಲಪ್ಪುಳದ ನಾರಿನ ಉತ್ಪನ್ನಗಳಿಗೆ ಭೌಗೋಳಿಕ ಸೂಚಿಕೆಯ ರಕ್ಷಣೆ ಇದೆ. ಬೇರೆಡೆಯ ನಾರಿನ ಚಾಪೆಯನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ. ಅದೇ ನಾರಿನಿಂದ ಬಿಗಿದ ದೋಣಿಯ ಹೆಸರಿಗೂ ಅಂಥದೊಂದು ಕಾವಲು ಏಕಿರಬಾರದು?

ನನ್ನ ವಾದಕ್ಕೆ ಎದುರಾಗಿ ಹೇಳಬಹುದಾದ ಅತ್ಯಂತ ಬಲವಾದ ಮಾತನ್ನು ಮರೆಮಾಚುವುದಿಲ್ಲ. ಹೌಸ್‌ಬೋಟ್ ಉದ್ಯಮ ಇಲ್ಲದಿದ್ದರೆ ದೋಣಿ ಹೊಲಿಯುವ ಕುಶಲಕರ್ಮಿಗಳಿಗೆ ಕೆಲಸವೇ ಇರುತ್ತಿರಲಿಲ್ಲ; ಆ ವಿದ್ಯೆ ಒಂದು ತಲೆಮಾರಿನಲ್ಲಿ ಸತ್ತುಹೋಗುತ್ತಿತ್ತು. ಇದು ನಿಜ. ಉದ್ಯಮಕ್ಕೆ ಈ ಋಣವನ್ನು ಒಪ್ಪಿಸಲೇಬೇಕು. ಆದರೆ ಋಣ ಒಪ್ಪಿಕೊಂಡ ಮೇಲೆ ಲೆಕ್ಕವನ್ನೂ ಪೂರ್ತಿ ನೋಡಬೇಕು. ಮಾಲೀಕನಿಗೆ ಬೇಕಾದದ್ದು ಕೋಣೆಗಳನ್ನು ಹೊರುವ ತೇಲುವ ಅಡಿಪಾಯ. ಅದು ಹೊಲಿದದ್ದಾದರೂ ಸರಿ, ಉಕ್ಕಿನದಾದರೂ ಸರಿ. ಯಾವುದು ಅಗ್ಗವೋ, ಯಾವುದಕ್ಕೆ ರಿಪೇರಿ ಕಡಿಮೆಯೋ ಅದು. ಹೊಲಿದ ಒಡಲನ್ನು ಕೆಲವು ವರ್ಷಗಳಿಗೊಮ್ಮೆ ನೀರಿನಿಂದ ಮೇಲೆತ್ತಿ, ಕೊಳೆತ ನಾರನ್ನು ಬಿಚ್ಚಿ ಮತ್ತೆ ಬಿಗಿಯಬೇಕು. ಆ ಖರ್ಚು ಬೇಡವೆನಿಸಿದ ದಿನ ಕುಶಲಕರ್ಮಿಯ ಕೆಲಸವೂ ಮುಗಿಯುತ್ತದೆ. ಪ್ರವಾಸಿಗೆ ಕೋಣೆಯೊಳಗಿಂದ ವ್ಯತ್ಯಾಸ ತಿಳಿಯುವುದೇ ಇಲ್ಲ. ಮಾರುಕಟ್ಟೆ ಒಂದು ವಿದ್ಯೆಗೆ ಆಸರೆ ಕೊಟ್ಟಿತೆಂದರೆ ಅದನ್ನು ಕಾಪಾಡುವ ಹೊಣೆ ಹೊತ್ತಿತೆಂದು ಅರ್ಥವಲ್ಲ.

ಈ ವಿದ್ಯೆಗೆ ನಮ್ಮ ಸರಕಾರಗಳೂ ಬೆಲೆ ಕೊಡಬಲ್ಲವು ಎಂಬುದಕ್ಕೆ ನಮ್ಮ ಕಾರವಾರದಲ್ಲೇ ಸಾಕ್ಷಿಯಿದೆ. 2025ರ ಮೇ ತಿಂಗಳಲ್ಲಿ ಕಾರವಾರದ ನೌಕಾನೆಲೆಯಲ್ಲಿ ಕೌಂಡಿನ್ಯ ಎಂಬ ಹಾಯಿಹಡಗು ನೌಕಾಪಡೆಗೆ ಸೇರ್ಪಡೆಯಾಯಿತು. ಅಜಂತೆಯ 5ನೆಯ ಶತಮಾನದ ಚಿತ್ರವೊಂದನ್ನು ಆಧರಿಸಿ, ಹಲಗೆಗಳನ್ನು ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಹಡಗು ಅದು. ಹೊಲಿದವರು ಕೇರಳದ ಕುಶಲಕರ್ಮಿಗಳು. ಹಾಯಿಯ ಮೇಲೆ ನಮ್ಮ ಗಂಡಭೇರುಂಡವೂ ಇದೆ. ಹೆಮ್ಮೆಯ ಕೆಲಸವೇ, ಅದನ್ನು ಹೀಗಳೆಯಲು ಕಾರಣವಿಲ್ಲ. ಆದರೆ ಯೋಚಿಸಿ: ಹದಿನೈದು ನೂರು ವರ್ಷಗಳ ಹಿಂದಿನ, ಚಿತ್ರದಲ್ಲಿ ಮಾತ್ರ ಉಳಿದ ಹಡಗನ್ನು ಊಹೆಯಿಂದ ಮತ್ತೆ ಕಟ್ಟುವುದಕ್ಕೆ ಹಣವಿದೆ, ಒಪ್ಪಂದವಿದೆ, ಸಮಾರಂಭವಿದೆ. ಅದೇ ಕೈಗಳು, ಅದೇ ಹಗ್ಗದಿಂದ, ತಮ್ಮ ಅಜ್ಜಂದಿರ ಕಾಲದಲ್ಲಿ ಕಟ್ಟುತ್ತಿದ್ದ ಸರಕುದೋಣಿಯನ್ನು ಅದರ ನಿಜರೂಪದಲ್ಲಿ ಇಟ್ಟುಕೊಳ್ಳುವುದಕ್ಕೆ ಅಂಥ ಉತ್ಸಾಹ ಕಾಣಿಸುವುದಿಲ್ಲ. ಅಜಂತೆಯ ಹಡಗಿನ ಕಟ್ಟೋಣವನ್ನು ಊಹಿಸಲು ಸಾಧ್ಯವಾದದ್ದೇ ಈ ಸಾಮಾನ್ಯ ದೋಣಿಗಳು ವಿದ್ಯೆಯನ್ನು ಇಂದಿನವರೆಗೆ ತಂದು ಮುಟ್ಟಿಸಿದ್ದರಿಂದ ಎಂಬುದನ್ನು ಯಾರೂ ನೆನೆಯುವುದಿಲ್ಲ.

ಇದು ಆಕಸ್ಮಿಕವಲ್ಲ, ನಮ್ಮ ಪರಂಪರೆಯ ಕಲ್ಪನೆಯಲ್ಲೇ ಒಂದು ಶ್ರೇಣಿಯಿದೆ. ಅರಸರ ಯುದ್ಧದೋಣಿಗಳ ವಂಶದ್ದೆನ್ನುವ ಚುಂಡನ್‌ವಳ್ಳಂಗೆ, ಅಂದರೆ ಹಾವಿನ ಹೆಡೆಯಂತೆ ಹಿಂಬದಿ ಎತ್ತಿದ ಪಂದ್ಯದ ದೋಣಿಗೆ, ಊರೂರಲ್ಲಿ ಅಭಿಮಾನಿಗಳಿದ್ದಾರೆ. 1952ರಲ್ಲಿ ನೆಹರೂ ಬಂದು ನೋಡಿದ ಪಂದ್ಯ ಅವರ ಹೆಸರಿನ ಟ್ರೋಫಿಯಾಗಿ ಪುನ್ನಮಡ ಕಾಯಲಿನಲ್ಲಿ ಬೆಳೆಯಿತು. 2021ರಲ್ಲಿ ನೌಕಾಪಡೆಯಿಂದ ನಿವೃತ್ತವಾದ ಟಿ-81 ಎಂಬ ಪುಟ್ಟ ಯುದ್ಧನೌಕೆಯನ್ನು ಆಲಪ್ಪುಳದ ಕಡಲತೀರಕ್ಕೆ ತಂದು ನಿಲ್ಲಿಸಲಾಯಿತು. ಕೊನೆಯ ಹಂತದಲ್ಲಿ ಅದನ್ನು ರಸ್ತೆಯ ಮೇಲೆಯೇ ಸಾಗಿಸಬೇಕಾಯಿತು. ಪಟ್ಟಣಂ ಉತ್ಖನನದಲ್ಲಿ ಸಿಕ್ಕಿದ, ಎರಡು ಸಾವಿರ ವರ್ಷ ಹಿಂದಿನದೆನ್ನುವ ಆರು ಮೀಟರ್ ಉದ್ದದ ತೋಡುದೋಣಿಯೂ ಆಂಞಿಲಿ ಮರದ್ದೇ. ಅದಕ್ಕೆ ವಿದ್ವಾಂಸರ ಗೌರವವಿದೆ. ಯುದ್ಧ ಮಾಡಿದ್ದು ಪೂಜ್ಯ, ಮಣ್ಣಿನಡಿ ಸೇರಿದ್ದು ಪೂಜ್ಯ. ಮೊನ್ನೆಮೊನ್ನೆಯವರೆಗೆ ಭತ್ತ ಹೊತ್ತು ನಮಗೆ ಅನ್ನ ಮುಟ್ಟಿಸಿದ್ದು ಮಾತ್ರ ಹೋಟೆಲಾದರೆ ಸಾಕು! ಆ ದೋಣಿಗಳನ್ನು ಗಳ ಹಿಡಿದು ದೂಡಿದವರು ಸಮಾಜದ ಮೇಲಿನ ಮೆಟ್ಟಿಲಿನವರಾಗಿರಲಿಲ್ಲ. ಕೂಲಿಯವನ ಉಪಕರಣಕ್ಕೆ ಇತಿಹಾಸದ ಪಟ್ಟ ಕೊಡಲು ನಮ್ಮ ಮನಸ್ಸು ಈಗಲೂ ಹಿಂಜರಿಯುತ್ತದೆ.

ಇಲ್ಲಿ ಇನ್ನೊಂದು ಆಕ್ಷೇಪ ಬರುತ್ತದೆ. ಆ ಬದುಕು ಅಷ್ಟು ಚಂದವಾಗಿರಲಿಲ್ಲ. ಮಳೆಯಲ್ಲಿ, ಬಿಸಿಲಲ್ಲಿ ಭುಜ ಸವೆಸಿದವರ ಮಕ್ಕಳು ಇಂದು ಹೌಸ್‌ಬೋಟಿನಲ್ಲಿ ಅಡುಗೆಯವರಾಗಿಯೋ ಚಾಲಕರಾಗಿಯೋ ಸಂಬಳ ಪಡೆಯುತ್ತಿದ್ದಾರೆ. ಅವರನ್ನು ಮತ್ತೆ ಗಳಕ್ಕೆ ಕಟ್ಟಬೇಕೆ ಎನ್ನುತ್ತಾರೆ. ಯಾರನ್ನೂ ಕಟ್ಟಬೇಕಾಗಿಲ್ಲ. ದುಡಿಮೆಯ ಕಷ್ಟವನ್ನು ವೈಭವೀಕರಿಸುವುದು ಬೇರೆ, ದುಡಿಮೆಯ ಜ್ಞಾನವನ್ನು ಗೌರವಿಸುವುದು ಬೇರೆ. ನಿಜ ಹೇಳಬೇಕೆಂದರೆ ಕಷ್ಟವನ್ನು ಮರೆಸುತ್ತಿರುವುದು ಹೌಸ್‌ಬೋಟೇ. ಮೆತ್ತೆಯ ಮೇಲೆ ಕುಳಿತು ಎಳನೀರು ಕುಡಿಯುವವನಿಗೆ, ತಾನು ಕುಳಿತ ಜಾಗದಲ್ಲಿ ಮೂಟೆಗಳಿದ್ದವೆಂಬುದು, ಆ ಅಂಚಿನ ಮೇಲೆ ಒಬ್ಬ ದಿನಕ್ಕೆಷ್ಟು ಬಾರಿ ಹಿಂದೆ ಮುಂದೆ ನಡೆಯುತ್ತಿದ್ದನೆಂಬುದು ಹೇಗೆ ತಿಳಿಯಬೇಕು? ಖಾಲಿ ಹೊಟ್ಟೆಯ, ತೆರೆದ ಒಡಲಿನ, ಸರಕು ತುಂಬಿದರೆ ಅಂಚಿನವರೆಗೂ ನೀರಿಗಿಳಿಯುವ ದೋಣಿಯೊಂದನ್ನು ಕಣ್ಣಾರೆ ಕಂಡವನಿಗೆ ಆ ಶ್ರಮದ ಅಳತೆ ತಾನಾಗಿಯೇ ಸಿಗುತ್ತದೆ.

ಇಂಥ ದೋಣಿಗಳನ್ನು ಉಳಿಸಲು ಸಾಧ್ಯವೇ ಎಂದು ಕೇಳುವವರು ಇಂಗ್ಲೆಂಡಿನ ಕಾಲುವೆಗಳ ಅನುಭವವನ್ನು ಗಮನಿಸಬೇಕು. ಅಲ್ಲಿನ ಸರಕುದೋಣಿಗಳು ಏಳು ಅಡಿ ಅಗಲ, ಸುಮಾರು ಎಪ್ಪತ್ತು ಅಡಿ ಉದ್ದದವು. ಕಾಲುವೆಯ ಕಿರಿದಾದ ಲಾಕುಗಳಿಗೆ ಹೊಂದುವಂತೆ ಕಟ್ಟಿದವು. 1948ರಲ್ಲಿ ಕಾಲುವೆಗಳು ರಾಷ್ಟ್ರೀಕರಣಗೊಂಡವು. ಮುಂದಿನ ದಶಕದಲ್ಲಿ, ಹೆಚ್ಚಾದವೆಂದು ತೋರಿದ ಹಲವು ದೋಣಿಗಳನ್ನು ನೀರು ತುಂಬಿದ ಹಳೆಯ ಜಲ್ಲಿಗುಂಡಿಗಳಲ್ಲಿ ಬೇಕೆಂದೇ ಮುಳುಗಿಸಲಾಯಿತು. 1962–63ರ ಚಳಿಗಾಲದಲ್ಲಿ ಕಾಲುವೆಗಳು ವಾರಗಟ್ಟಲೆ ಹೆಪ್ಪುಗಟ್ಟಿ ಉಳಿದ ವ್ಯಾಪಾರವೂ ಲಾರಿ, ರೈಲುಗಳ ಪಾಲಾಯಿತು. ಲಂಡನ್ನಿನ ಸೌತಾಲಿನ ಜ್ಯಾಮ್ ಕಾರ್ಖಾನೆಗೆ ಕಲ್ಲಿದ್ದಲು ಒಯ್ಯುವ ಗುತ್ತಿಗೆ 1970ರಲ್ಲಿ ನಿಂತಾಗ ದೂರದ ಸಾಗಣೆಯ ಒಂದು ಯುಗವೇ ಮುಗಿಯಿತು. ಎಷ್ಟೋ ದೋಣಿಗಳನ್ನು ಅರ್ಧಕ್ಕೆ ಕತ್ತರಿಸಿ ವಿಹಾರದೋಣಿಗಳನ್ನಾಗಿ ಮಾಡಿದರು. ನಮ್ಮ ಹೌಸ್‌ಬೋಟಿನ ಕಥೆಯೇ.

ಆದರೆ ಅಲ್ಲಿ ಒಂದು ಪ್ರತಿರೋಧವೂ ಹುಟ್ಟಿತು. 1909ರಲ್ಲಿ ಉಗಿಯಂತ್ರದ ಸರಕುದೋಣಿಯಾಗಿ ಕಟ್ಟಲಾಗಿದ್ದ ‘ಪ್ರೆಸಿಡೆಂಟ್’ ಪಾಳುಬಿದ್ದಿದ್ದಾಗ, 1970ರ ದಶಕದಲ್ಲಿ ಇಬ್ಬರು ಆಸಕ್ತರು ಅದನ್ನು ಕೊಂಡು ಮತ್ತೆ ಉಗಿದೋಣಿಯಾಗಿಯೇ ನೀರಿಗಿಳಿಸಿದರು. 1976ರಲ್ಲಿ ಎಲ್ಸ್‌ಮಿಯರ್ ಪೋರ್ಟಿನಲ್ಲಿ ದೋಣಿಗಳದ್ದೇ ಒಂದು ಸಂಗ್ರಹಾಲಯ ತೆರೆಯಿತು. ಸಂಗ್ರಹಾಲಯ ಬಂದೊಡನೆ ಸಮಸ್ಯೆ ಮುಗಿಯುವುದಿಲ್ಲ ಎಂಬುದೂ ಅಲ್ಲಿನ ಪಾಠವೇ: ಮರದ ದೋಣಿ ನೀರಿನಲ್ಲಿದ್ದರೆ ಕೊಳೆಯುತ್ತದೆ, ನೀರಿನಿಂದ ತೆಗೆದರೆ ಒಣಗಿ ಬಿರಿಯುತ್ತದೆ, ಎರಡಕ್ಕೂ ಬಡಗಿ ಬೇಕು, ಹಣ ಬೇಕು. ನನಗೆ ಹೆಚ್ಚು ಮುಖ್ಯವೆನಿಸುವುದು ಮತ್ತೊಂದು ಬಗೆಯ ಉಳಿವು. ಇಂದಿಗೂ ಇಂಗ್ಲೆಂಡಿನಲ್ಲಿ ಕೆಲವು ಹಳೆಯ ಸರಕುದೋಣಿಗಳು ಕಾಲುವೆಯುದ್ದಕ್ಕೂ ವಾಸಿಸುವ ದೋಣಿಮನೆಗಳಿಗೆ ಕಲ್ಲಿದ್ದಲು, ಡೀಸೆಲ್ ಮಾರುತ್ತಾ ಸಾಗುತ್ತವೆ. ಸಣ್ಣ ವ್ಯಾಪಾರವೇ. ಆದರೂ ದೋಣಿ ಹೊರೆ ಹೊರುತ್ತದೆ, ಹೊರುವುದಕ್ಕಾಗಿಯೇ ಅದನ್ನು ರಿಪೇರಿ ಮಾಡುತ್ತಾರೆ, ರಿಪೇರಿ ಮಾಡುವುದನ್ನು ಕಿರಿಯರು ನೋಡಿ ಕಲಿಯುತ್ತಾರೆ.

ಇದರಿಂದ ಕೆಟ್ಟುವಳ್ಳಂಗೆ ದಕ್ಕುವ ತಿಳಿವಳಿಕೆ ಏನು? ಹಲಗೆ ಬದಲಾಯಿಸಿದರೆ, ಹಗ್ಗ ಹೊಸದಾದರೆ ದೋಣಿ ಹಳೆಯದೇ ಎಂಬ ತರ್ಕದಲ್ಲಿ ಮುಳುಗುವವರುಂಟು. ಹೊಲಿದ ದೋಣಿಯ ವಿಷಯದಲ್ಲಿ ಆ ಪ್ರಶ್ನೆಗೆ ಅರ್ಥವಿಲ್ಲ. ಬಿಚ್ಚಿ ಮತ್ತೆ ಕಟ್ಟುವುದೇ ಅದರ ಸ್ವಭಾವ. ಅದು ಸದಾ ನವೀಕರಣದಲ್ಲಿಯೇ ಬದುಕಿದ ವಸ್ತು. ಆದ್ದರಿಂದ ಮರದ ಆಯುಸ್ಸಿನ ಲೆಕ್ಕ ಬಿಟ್ಟು ಬಿಚ್ಚಿ ಕಟ್ಟುವ ಕ್ರಮವನ್ನು ಉಳಿಸಬೇಕು. ಗಾಜಿನ ಪೆಟ್ಟಿಗೆಯಲ್ಲಿ ಅದು ಉಳಿಯದು. ಹಾಸಿಗೆ ಹೊರುವ ಕೆಲಸಕ್ಕೆ ಹಚ್ಚಿದರೆ ಅರ್ಧ ಮಾತ್ರ ಉಳಿಯುತ್ತದೆ.

ಹಾಗಾದರೆ ಆಗಬೇಕಾದದ್ದು ಇಷ್ಟು. ಮೊದಲನೆಯದಾಗಿ, ಸರಕುದೋಣಿಯ ರೂಪದಲ್ಲೇ ಉಳಿದಿರುವ ಹೊಲಿದ ದೋಣಿಗಳನ್ನು ಹುಡುಕಿ ಪಟ್ಟಿ ಮಾಡಿ, ಅಳತೆ ತೆಗೆದು ನಕ್ಷೆ ಬರೆಯಬೇಕು. ಹೊಲಿಯುವ ಹಿರಿಯರು ಪ್ರತಿ ಗಂಟಿಗೆ ಬಳಸುವ ಮಾತುಗಳನ್ನು ಅವರ ಬಾಯಿಂದಲೇ ದಾಖಲಿಸಬೇಕು. ಎರಡನೆಯದಾಗಿ, ಕೆಲವನ್ನಾದರೂ ಸಾರ್ವಜನಿಕ ಸ್ವತ್ತಾಗಿ ಕೊಂಡು, ಒಂದು ದೋಣಿಕಟ್ಟೆಯಲ್ಲಿ ಸರದಿಯಂತೆ ಬಿಚ್ಚಿ ಹೊಲಿಯುವ ವ್ಯವಸ್ಥೆ ಮಾಡಿ, ಕಲಿಯುವ ಯುವಕರಿಗೆ ಮರ್ಯಾದೆಯ ಸಂಬಳ ಕೊಡಬೇಕು. ಮೂರನೆಯದಾಗಿ, ಆ ದೋಣಿಗಳಿಗೆ ನಿಜವಾದ ಸರಕು ಕೊಡಬೇಕು. ಇದು ಕನಸಲ್ಲ. ಸಮುದ್ರಮಟ್ಟಕ್ಕಿಂತ ಕೆಳಗೆ ಬೇಸಾಯ ಮಾಡುವ ಕುಟ್ಟನಾಡಿನ ಪದ್ಧತಿಗೆ 2013ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ ಜಾಗತಿಕ ಪರಂಪರೆಯ ಮಾನ್ಯತೆ ಕೊಟ್ಟಿದೆ. ಅಲ್ಲಿ ರಸ್ತೆ ಮುಟ್ಟದ ಎಷ್ಟೋ ಗದ್ದೆಗಳ ಭತ್ತ ಇಂದಿಗೂ ದೋಣಿಯ ಮೇಲೇ ಹೊರಬರುತ್ತದೆ. ಗದ್ದೆಗೆ ಪರಂಪರೆಯ ಮಾನ್ಯತೆ ಉಂಟೆಂದರೆ, ಗದ್ದೆಯ ಫಸಲನ್ನು ಹೊರುವ ದೋಣಿಗೆ ಅದೇ ಮಾನ್ಯತೆಯ ನೆರಳು ಸಿಗಲಿ.

ನಾಲ್ಕನೆಯದು ಕಾಲುವೆ. 1993ರಲ್ಲಿ ಕೊಲ್ಲಂನಿಂದ ಕೊಟ್ಟಪುರಂವರೆಗಿನ ನೀರುದಾರಿಯನ್ನು ರಾಷ್ಟ್ರೀಯ ಜಲಮಾರ್ಗವೆಂದು ಘೋಷಿಸಲಾಯಿತು. 2016ರಲ್ಲಿ ಅದು ಕೋಳಿಕ್ಕೋಡಿನವರೆಗೆ ವಿಸ್ತರಿಸಿತು. ಘೋಷಣೆ ಬೇರೆ, ದೋಣಿ ಓಡುವ ನೀರು ಬೇರೆ. ಕಳೆ, ಕಸ, ತಗ್ಗು ಸೇತುವೆಗಳ ನಡುವೆ ಕಾಲುವೆಯ ಹೆಸರು ಮಾತ್ರ ಉಳಿದರೆ ಏನಾಗುತ್ತದೆಂದು ನಮ್ಮಲ್ಲಿ ಚೆನ್ನೈಯಲ್ಲಿರುವವರಿಗೆ ವಿವರಿಸಬೇಕಿಲ್ಲ. ಒಂದು ಕಾಲಕ್ಕೆ ಉಪ್ಪು, ಸೌದೆಗಳ ದೋಣಿಗಳು ಸಾಗುತ್ತಿದ್ದ ಬಕಿಂಗ್‌ಹ್ಯಾಮ್ ಕಾಲುವೆಯ ಒಡಲಲ್ಲೇ ಇಂದು ನಗರ ರೈಲಿನ ಕಂಬಗಳು ನಿಂತಿವೆ. ಅಲ್ಲಿ ಯಾವ ದೋಣಿಯನ್ನು ಉಳಿಸಿದರೂ ಅದನ್ನು ಎಲ್ಲಿ ಬಿಡುತ್ತೀರಿ? ಆಲಪ್ಪುಳಕ್ಕೆ ಇನ್ನೂ ಆ ಗತಿ ಬಂದಿಲ್ಲ.

ಕೊನೆಯದಾಗಿ ನಮ್ಮ ಪಾಲು. ಹೊರನಾಡಿನಲ್ಲಿರುವ ಕನ್ನಡಿಗರು ಕೇರಳದ ಆಡಳಿತವನ್ನು ನಡೆಸುವವರಲ್ಲ. ಆದರೆ ಆ ಉದ್ಯಮದ ಗಿರಾಕಿಗಳು ಖಂಡಿತ. ಗಿರಾಕಿಯ ಪ್ರಶ್ನೆಗೆ ಮಾಲೀಕ ಕಿವಿಗೊಡುತ್ತಾನೆ. ಈ ಸಲ ಬಾಡಿಗೆಗೆ ಮೊದಲು ಎರಡು ಪ್ರಶ್ನೆ ಕೇಳಿ: ಇದರ ಒಡಲು ಹೊಲಿದದ್ದೇ? ಕೊನೆಯ ಬಾರಿ ಬಿಚ್ಚಿ ಹೊಲಿದದ್ದು ಯಾವಾಗ, ಯಾರಿಂದ? ಸಾಧ್ಯವಾದರೆ ಒಂದು ಮಧ್ಯಾಹ್ನ ಕೋಣೆ ಬಿಟ್ಟು, ದೋಣಿ ಹೊಲಿಯುವ ಕಟ್ಟೆಗೆ ಹೋಗಿ ಬನ್ನಿ. ಅಲ್ಲಿ ಹಗ್ಗ ಬಿಗಿಯುವವರ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಉತ್ತರ ಗೊತ್ತಿಲ್ಲದ ಮಾಲೀಕನ ದೋಣಿಯನ್ನು ನೀವು ಒಪ್ಪುತ್ತೀರೋ ಬಿಡುತ್ತೀರೋ ನಿಮ್ಮಿಷ್ಟ. ಅದನ್ನು ಕೆಟ್ಟುವಳ್ಳಂ ಎಂದು ಮಾತ್ರ ಕರೆಯಬೇಡಿ.